ಮಧ್ಯಭಾಗದ ಪ್ರೇಕ್ಷಕಿ

ಜೂನ್ ೩

ಗಡೀಪಾರಾದ ಪೂಜ್ಯ ಅಣ್ಣನಿಗೆ,

ನೀನು ಕಳಿಸಿದ ಡಿವಿಡಿ ಪ್ಲೇಯರ್ ಬಸ್ಸಿನ ನೆತ್ತಿಯ ಮೇಲೆ ಕೂತು, ಗಾಳಿ ಸೇವಿಸುತ್ತಾ, ಕ್ಷೇಮವಾಗಿ ಬಂದು ತಲುಪಿದೆ ಎಂದು ಘೋಷಿಸಲು ಹರ್ಷಿಸುತ್ತೇನೆ. ಮನೆ ಮಾತ್ರ ಕ್ಷೇಮವಾಗಿಲ್ಲ.

ಇದನ್ನು ಫೋನಿನಲ್ಲೇ ಹೇಳಬಹುದಾಗಿತ್ತಲ್ಲ ಅನ್ನಬೇಡ. ಫೋನು ಇರುವುದು ಅಪ್ಪನ ಕುರ್ಚಿಗೆ ತಾಗಿಕೊಂಡು. ಆ ಕುರ್ಚಿಯಿಂದ ಅಪ್ಪ ಏಳುವುದು ಊಟಕ್ಕೆ, ಸ್ನಾನಕ್ಕೆ ಮತ್ತು ನನ್ನನ್ನು ಬೈಯುವುದಕ್ಕೆ.

ಮುಂದಿನ ತಲೆಮಾರಿನ ಇತಿಹಾಸಕಾರರು ತಬ್ಬಿಬ್ಬಾಗಬಾರದೆಂದು ಯುದ್ಧದ ಹಿನ್ನೆಲೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಿನಗೆ ಗೊತ್ತಿದ್ದರೂ ಓದು, ಶೈಲಿ ಚೆನ್ನಾಗಿದೆ. ಅಪ್ಪ ಟಾಕೀಸಿನಲ್ಲಿ ಆಪರೇಟರ್. ಬೀಡಿ ಹೊಗೆಯಿಂದ ಹಿಡಿದು ಹೀರೋಯಿನ್ ಕಣ್ಣೀರಿನ ತನಕ ಎಲ್ಲವೂ ಅವರ ಮಷಿನ್ನಿನ ಬೆಳಕಿನೊಳಗೇ ಹಾದುಹೋಗಬೇಕಿತ್ತು. ಜನ ಬರುವುದು ಕಡಿಮೆಯಾಯಿತು, ಹೋದ ವರ್ಷ ಟಾಕೀಸು ಮುಚ್ಚಿತು, ಈಗ ಅದು ಪ್ಲಾಸ್ಟಿಕ್ ಕುರ್ಚಿಗಳ ಗೋದಾಮು. ಅದೇ ವರ್ಷ ಅವರ ಹಿರಿಯ ಮಗ ಪಕ್ಕದ ಊರಿಗೆ ಹೋಗಿ ಡಿವಿಡಿಗಳನ್ನು ಬಾಡಿಗೆಗೆ ಕೊಡುವ ಅಂಗಡಿ ತೆರೆದ. ಶತ್ರು ಸೈನ್ಯದಲ್ಲಿ ಸಿಪಾಯಿಯಾಗಿದ್ದರೆ ಕ್ಷಮಿಸುತ್ತಿದ್ದರೇನೋ, ಇವನು ಸೇನಾಪತಿಯೇ ಆಗಿಬಿಟ್ಟ. ನೀನೂ ಬೇಡ, ನಿನ್ನ ಡಬ್ಬಿಯೂ ಬೇಡ, ಈ ಹೊಸ್ತಿಲು ತುಳಿಯಬೇಡ ಎಂದು ಅಪ್ಪ ತೀರ್ಪು ಕೊಟ್ಟರು.

ಇನ್ನು ಅಮ್ಮ. ಅಷ್ಟು ವರ್ಷ ಆಪರೇಟರ್ ಹೆಂಡತಿಯಾಗಿದ್ದು ಇಡೀ ಸಿನಿಮಾ ಒಂದನ್ನೂ ನೋಡದವಳು. ಬಿಟ್ಟಿ ಪಾಸು ತಂದರೆ ಆಪರೇಟರ್ ಹೆಂಡತಿ ಪುಕ್ಕಟೆ ನೋಡುತ್ತಾಳೆ ಅನ್ನುತ್ತಾರಂತೆ, ಟಿಕೆಟ್ ತೆಗೆದುಕೊಂಡರೆ ಆಪರೇಟರ್ ಹೆಂಡತಿಗೂ ಟಿಕೆಟ್ಟಾ ಎಂದು ನಗುತ್ತಾರಂತೆ. ಇದು ಅಪ್ಪನ ಮರ್ಯಾದೆಯ ಲೆಕ್ಕಾಚಾರ. ಹೀಗಾಗಿ ಅಮ್ಮ ನೋಡಿದ್ದೆಲ್ಲ ಸಂಜೆಯ ಆಟಕ್ಕೆ ಊಟದ ಡಬ್ಬಿ ತೆಗೆದುಕೊಂಡು ಹೋದಾಗ, ಕ್ಯಾಬಿನ್ನಿನ ಗೋಡೆಯ ಕಿಂಡಿಯಿಂದ, ಅಪ್ಪ ಉಂಡು ಮುಗಿಸುವಷ್ಟು ಹೊತ್ತು. ಪ್ರತಿ ಸಿನಿಮಾದ ಮಧ್ಯದ ಒಂದು ತುಂಡು. ಹಿಂದಿಲ್ಲ, ಮುಂದಿಲ್ಲ. ಮಿಕ್ಕಿದ್ದನ್ನು ತಾನೇ ಕಟ್ಟಿ ರಾತ್ರಿ ನಮಗೆ ಕಥೆ ಹೇಳಿ ಮಲಗಿಸುತ್ತಿದ್ದಳು.

ಇವತ್ತು ಅಮ್ಮ ನಿನ್ನ ಪಾರ್ಸೆಲ್ಲಿನ ದಾರ ಬಿಚ್ಚಿ, ಪ್ಲೇಯರನ್ನು ಒರೆಸಿ, ಟಿವಿಯ ಮೇಲೆ ಕೂರಿಸಿದಳು. ಅಪ್ಪ ಕುರ್ಚಿಯಿಂದಲೇ ಹೇಳಿದರು:

"ಸಂಜೆ ಹೊತ್ತಿಗೆ ಇದು ಮನೇಲಿ ಇರಬಾರದು."

"ಸಂಜೆಗೆ ಇನ್ನೂ ಹೊತ್ತಿದೆ," ಅಂದಳು ಅಮ್ಮ. ಒಳಗೆ ಹೋದಳು.

ಸಂಜೆ ಬಂತು, ಹೋಯಿತು. ಡಬ್ಬಿ ಕೂತಲ್ಲೇ ಕೂತಿದೆ. ಅಮ್ಮ ಅದರ ಮೇಲೊಂದು ಕಸೂತಿ ಬಟ್ಟೆ ಹೊದಿಸಿದ್ದಾಳೆ. ಅದು ಬಾವುಟ ಎಂದು ನನ್ನ ಅಭಿಪ್ರಾಯ.

ಅವಳ ಬೇಡಿಕೆ ಒಂದೇ. ಸೂಟ್‌ಕೇಸ್ ಸಿನಿಮಾ ಬೇಕಂತೆ. ಹೆಸರು ಗೊತ್ತಿಲ್ಲ. ಕೊನೆಯಲ್ಲಿ ಏನಾಯಿತು ಅಂತ ನೋಡಬೇಕಂತೆ. ಅದನ್ನೂ ಈ ಮನೆಯಲ್ಲೇ, ಹಗಲು ಹೊತ್ತಿನಲ್ಲೇ, ಕದ್ದುಮುಚ್ಚಿ ಅಲ್ಲ.

ಇಂತಿ,
ಯುದ್ಧಭೂಮಿಯ ಅಧಿಕೃತ ವರದಿಗಾರ್ತಿ,
ತರಲೆ


ಜೂನ್ ೧೨

ತರಲೆ,

ನಿನ್ನ ಪತ್ರ ಓದಿ ನಗು ಬಂತು, ಆಮೇಲೆ ಬರಲಿಲ್ಲ. ಆ ಪ್ಲೇಯರ್ ಕಳಿಸಿದ್ದು ನನ್ನದೇ ತಪ್ಪು. ಅಮ್ಮನಿಗೆ ಖುಷಿಯಾಗಲಿ ಅಂತಿದ್ದೆ, ಜಗಳ ಹಚ್ಚಲಿಕ್ಕಲ್ಲ. ಅದನ್ನು ಪುನಃ ಕಟ್ಟಿ ಬಸ್ಸಿಗೆ ಹಾಕಿಬಿಡು. ನನ್ನ ಸಲುವಾಗಿ ಅವರಿಬ್ಬರೂ ಈ ವಯಸ್ಸಿನಲ್ಲಿ ಮುಖ ತಿರುಗಿಸಿಕೊಂಡು ಕೂರುವುದು ಬೇಡ.

ಅಂಗಡಿ ನಡೆಯುತ್ತಿದೆ. ಜನ ಡಿಸ್ಕನ್ನು ಅಂಗಿಯಲ್ಲಿ ಒರೆಸಿ ಗೀರು ಮಾಡಿ ತರುತ್ತಾರೆ, ಮೊದಲೇ ಹೀಗಿತ್ತು ಅನ್ನುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಕಷ್ಟ ಅಮ್ಮನಿಂದ. ಗಿರಾಕಿ ಬಂದು ಈ ಸಿನಿಮಾ ಕಥೆ ಏನು ಅಂದರೆ ಸಣ್ಣಂದಿನಲ್ಲಿ ಕೇಳಿದ್ದನ್ನೇ ಹೇಳಿಬಿಡುತ್ತೇನೆ. ಮೊನ್ನೆ ಬ್ಯಾಂಕಿನವರೊಬ್ಬರು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನೋಡಿದರಂತೆ, ಕಳೆದುಹೋದ ಅಣ್ಣ ಹಡಗು ಹತ್ತಿ ಬರುತ್ತಾನೆ ಅಂತ ನಾನು ಹೇಳಿದ್ದೆ. ಇಡೀ ಸಿನಿಮಾದಲ್ಲಿ ಹಡಗೇ ಇಲ್ಲ, ಸಮುದ್ರವೂ ಇಲ್ಲ, ಅಣ್ಣ ಅರ್ಧದಲ್ಲೇ ಸತ್ತನಂತೆ. ಅವರ ಅತ್ತೆ ಕೊನೆಯವರೆಗೂ ಹಡಗಿಗೆ ಕಾದರಂತೆ.

ಸೂಟ್‌ಕೇಸ್ ಸಿನಿಮಾ ಅಂದರೆ ಯಾವುದು? ನನ್ನ ಅಂಗಡಿಯಲ್ಲಿ ಕಾಲು ಭಾಗದ ಸಿನಿಮಾಗಳಲ್ಲಿ ಯಾರಾದರೊಬ್ಬರು ಸೂಟ್‌ಕೇಸ್ ಹಿಡಿದಿರುತ್ತಾರೆ. ಆದರೂ ನೀನು ಪ್ಲೇಯರ್ ವಾಪಸ್ ಕಳಿಸು.

ನಿನ್ನ
ಅಣ್ಣ


ಜೂನ್ ೨೫

ಶಾಂತಿದೂತ ಅಣ್ಣನಿಗೆ,

ನಿನ್ನ ಪತ್ರವನ್ನು ಅಪ್ಪ, ಸತ್ತ ಜಿರಲೆಯನ್ನು ಹಿಡಿಯುವಂತೆ, ಎರಡೇ ಬೆರಳಿನಲ್ಲಿ ಹಿಡಿದು ತಂದು ನನ್ನ ತಟ್ಟೆಯ ಪಕ್ಕ ಇಟ್ಟರು. ಕಾರ್ಯಕಲಾಪದ ನಿಯಮದಂತೆ ನಾನು ಅದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮನ ಉತ್ತರವನ್ನು ಅಕ್ಷರಶಃ ಕೊಡುತ್ತಿದ್ದೇನೆ:

"ಅವನ ಸಲುವಾಗಿ ಅಂತ ಯಾರು ಹೇಳಿದ್ರು? ಇದು ನನ್ನ ಸಲುವಾಗಿ. ಅವನಿಗೆ ಸುಮ್ನೆ ಇರೋಕೆ ಹೇಳು."

ಆದ್ದರಿಂದ ಸುಮ್ಮನಿರು.

ನೀನು ಪ್ಲೇಯರ್ ಜೊತೆಯಲ್ಲಿ ಕಳಿಸಿದ ಮೂರು ಡಿಸ್ಕುಗಳನ್ನು ಅಮ್ಮ ಒಂದೊಂದಾಗಿ ನೋಡತೊಡಗಿದ್ದಾಳೆ. ಮಧ್ಯಾಹ್ನ ಕೆಲಸ ಮುಗಿಸಿ, ಮುಂದಿನ ಕೋಣೆಯ ಬಾಗಿಲು ಕಿಟಕಿ ತೆರೆದಿಟ್ಟು, ಟಿವಿಯ ಎದುರಿಗೇ ಕುರ್ಚಿ ಎಳೆದುಕೊಂಡು. ಅಪ್ಪನಿಗೆ ಮೊದಲು ಸಿಟ್ಟು ಬಂದದ್ದು ಸಿನಿಮಾ ಮೇಲಲ್ಲ, ಅಮ್ಮ ಒಲೆಯ ಮೇಲಿನ ಹಾಲು ಇಳಿಸಲಿಕ್ಕೆ ಗುಂಡಿ ಒತ್ತಿ ಸಿನಿಮಾ ನಿಲ್ಲಿಸಿದ್ದಕ್ಕೆ. ಹೀರೋ ಬಾಯಿ ತೆರೆದುಕೊಂಡು ನಿಂತೇ ಇದ್ದ. ತಮ್ಮ ಸರ್ವೀಸಿನಲ್ಲಿ ಒಮ್ಮೆ ಸಿನಿಮಾ ನಿಂತಾಗ ಜನ ಸೀಟು ಹರಿದು ಹತ್ತಿ ಹಾರಿಸಿದ್ದರು, ಇಲ್ಲಿ ಹಾಲಿಗೋಸ್ಕರ ನಿಲ್ಲಿಸುತ್ತಾರಲ್ಲ ಎಂದು ಅಪ್ಪ ಗೋಡೆಗೆ ದೂರು ಕೊಟ್ಟರು. ಗೋಡೆ ಕ್ರಮ ಕೈಗೊಳ್ಳಲಿಲ್ಲ.

ಆಗ ಅಪ್ಪ ಅಸ್ತ್ರ ತೆಗೆದರು. ಜಗತ್ತಿನಲ್ಲಿ ಆಪರೇಟರುಗಳ ಹತ್ತಿರ ಮಾತ್ರ ಇರುವ ಅಸ್ತ್ರ. ಅವರಿಗೆ ಎಲ್ಲ ಸಿನಿಮಾದ ಕೊನೆಯೂ ಗೊತ್ತು. ದಿನಕ್ಕೆ ಮೂರು ಆಟ ನೋಡಿದವರು. ಅಮ್ಮ ಸಿನಿಮಾ ಹಾಕಿ ಇನ್ನೂ ಹೆಸರುಗಳು ಬರುತ್ತಿರುವಾಗಲೇ ಅಪ್ಪ ಕುರ್ಚಿಯಿಂದ, ಹವಾಮಾನ ವರದಿ ಓದುವ ಧಾಟಿಯಲ್ಲಿ, ಚಿಕ್ಕಪ್ಪನೇ ಕೊಲೆಗಾರ ಅಂದರು. ಮರುದಿನದ ಸಿನಿಮಾಕ್ಕೆ, ಹೀರೋ ಸಾಯುತ್ತಾನೆ, ನಾಯಿ ಉಳಿಯುತ್ತದೆ ಅಂದರು. ಮೂರನೆಯದಕ್ಕೆ ಇಬ್ಬರೂ ಅಣ್ಣತಮ್ಮಂದಿರು, ಮಚ್ಚೆ ನೋಡಿ ಗೊತ್ತಾಗುತ್ತೆ ಅಂದರು.

ನಾಲ್ಕನೆಯ ದಿನ ಅಮ್ಮ ಮೊದಲ ಸಿನಿಮಾವನ್ನೇ ಇನ್ನೊಮ್ಮೆ ಹಾಕಿದಳು. ಕಿವಿಯಲ್ಲಿ ಹತ್ತಿ. ನಾನು ಗಾಬರಿಯಾಗಿ, ಹತ್ತಿ ಇಟ್ಟುಕೊಂಡರೆ ಸಿನಿಮಾದ ಮಾತೂ ಕೇಳುವುದಿಲ್ಲವಲ್ಲಮ್ಮ ಎಂದು ಕೈಸನ್ನೆ ಮಾಡಿದೆ.

"ಕ್ಯಾಬಿನ್ನಲ್ಲಿ ಆ ಮಷಿನ್ನಿನ ಗದ್ದಲದಲ್ಲಿ ನನಗೆ ಯಾವತ್ತು ಮಾತು ಕೇಳಿಸಿತ್ತು?" ಅಂದಳು. "ನಾನು ಮುಖ ನೋಡಿಯೇ ತಿಳ್ಕೊಂಡಿರೋಳು."

ಹತ್ತಿ ಇಟ್ಟವರು ಜೋರಾಗಿ ಮಾತಾಡುತ್ತಾರೆ. ಇದು ಎದುರುಮನೆಯ ಟೈಲರ್ ಅಕ್ಕನವರೆಗೂ ಕೇಳಿಸಿತು. ಅಪ್ಪ ಪೇಪರು ತಿರುವಿದರು. ಬಹಳ ಹೊತ್ತು ಒಂದೇ ಪುಟ ಓದಿದರು.

ಈಗ ಸೂಟ್‌ಕೇಸ್ ವಿವರ, ಅಮ್ಮ ಹೇಳಿ ಬರೆಸಿದ್ದು. ಗೋಡೆ ತುಂಬ ಕನ್ನಡಿಗಳಿರುವ ಮನೆ. ಗಂಡ ಮೀಸೆಯವನು, ಒಂದು ಸಲವೂ ಕೂರುವುದಿಲ್ಲ, ನಿಂತೇ ಮಾತಾಡುತ್ತಾನೆ. ಹೆಂಡತಿ ಮೂಲೆಯಲ್ಲಿ ಹೊಲಿಗೆ ಹಾಕುತ್ತಾ ಕೂತವಳು ಏಳುತ್ತಾಳೆ, ಕಂದು ಸೂಟ್‌ಕೇಸು ತೆಗೆದುಕೊಳ್ಳುತ್ತಾಳೆ, ಬಾಗಿಲ ಚಿಲಕದ ಮೇಲೆ ಕೈ ಇಡುತ್ತಾಳೆ. ಅಲ್ಲಿಗೆ ಅಪ್ಪ ಕೈ ತೊಳೆದು ಡಬ್ಬಿ ಮುಚ್ಚಿಕೊಟ್ಟರು. ಅಮ್ಮ ಮನೆಗೆ ಬಂದಳು, ನಾವಿಬ್ಬರೇ ಇದ್ದೆವಲ್ಲ. ಹೋದಳಾ, ನಿಂತಳಾ ಅಂತ ಆವತ್ತು ಕೇಳಿದ್ದಕ್ಕೆ ಅಪ್ಪ, ನಿನಗ್ಯಾಕೆ ಅದೆಲ್ಲ ಅಂದರಂತೆ.

ನೆನಪಿದೆಯಾ ಅಣ್ಣ, ಅಮ್ಮ ಎಲ್ಲ ಸಿನಿಮಾಕ್ಕೂ ಕೊನೆ ಕಟ್ಟಿದಳು. ಇದಕ್ಕೆ ಮಾತ್ರ ಕಟ್ಟಿರಲಿಲ್ಲ. ನಾವು ಕೇಳಿದಾಗೆಲ್ಲ ದೀಪ ಆರಿಸಿ ಮಲಗಿ ಅನ್ನುತ್ತಿದ್ದಳು.

ಅಮ್ಮ ಅಪ್ಪನಿಗೆ ನೇರವಾಗಿ ಹೇಳಿದ್ದಾಳೆ. ಬೇರೆ ಯಾವುದರ ಕೊನೆ ಬೇಕಾದರೂ ಡಂಗುರ ಸಾರಿ. ಅದೊಂದನ್ನು ಹೇಳಬೇಡಿ. ಅಪ್ಪ ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ಇಂತಿ,
ಗಾಯಗೊಳ್ಳದ ವರದಿಗಾರ್ತಿ,
ತರಲೆ


ಜುಲೈ ೧೪

ತರಲೆ,

ಸಿಕ್ಕಿತು. ಕನ್ನಡಿಗಳು ಅಂದದ್ದರಿಂದ ಸಿಕ್ಕಿತು. ನನ್ನ ಹತ್ತಿರ ಇರಲಿಲ್ಲ, ಸಗಟು ಅಂಗಡಿಯವನು ತಳದ ಪೆಟ್ಟಿಗೆಯಿಂದ ಹುಡುಕಿ ಕೊಟ್ಟ. ಮುಚ್ಚಳದ ಚಿತ್ರದಲ್ಲಿ ಕಂದು ಸೂಟ್‌ಕೇಸು ಇದೆ, ಮೀಸೆಯವನೂ ನಿಂತಿದ್ದಾನೆ. ಇದರ ಜೊತೆಯಲ್ಲೇ ಕಳಿಸಿದ್ದೇನೆ. ನಾನು ನೋಡಿಲ್ಲ. ಅಮ್ಮನಿಗಿಂತ ಮೊದಲು ನೋಡುವುದು ಸರಿ ಅನ್ನಿಸಲಿಲ್ಲ.

ಜಗಳ ಜಾಸ್ತಿ ಆದರೆ ನಡುವೆ ನೀನು ತುಪ್ಪ ಸುರಿಯಬೇಡ. ನಿನ್ನ ಬಗ್ಗೆ ನನಗೆ ಗೊತ್ತು.

ಅಪ್ಪ ನನ್ನ ವಿಷಯ ಏನಾದರೂ ಕೇಳಿದರಾ? ಸುಮ್ಮನೆ ಕೇಳಿದೆ.

ನಿನ್ನ
ಅಣ್ಣ


ಆಗಸ್ಟ್ ೨

ಅಣ್ಣಾ,

ಮೊದಲು ನೀನು ಸುಮ್ಮನೆ ಕೇಳಿದ ಪ್ರಶ್ನೆಗೆ ಉತ್ತರ. ಇಲ್ಲ, ಕೇಳಲಿಲ್ಲ. ಆದರೆ ಪಾರ್ಸೆಲ್ಲಿನ ದಾರ ಕೈಗೆತ್ತಿಕೊಂಡು, ಗಂಟು ಹಾಕುವುದನ್ನಾದರೂ ನನ್ನಿಂದ ಕಲಿತಿದ್ದಾನೆ ಎಂದು ದಾರಕ್ಕೆ ಹೇಳಿದರು. ದಾರವನ್ನು ಸುತ್ತಿ ಜೇಬಿನಲ್ಲಿಟ್ಟುಕೊಂಡರು.

ಇನ್ನು ಭಾನುವಾರದ ಮಹಾಪ್ರದರ್ಶನದ ವರದಿ. ಎದ್ದು ನಿಂತು ಓದತಕ್ಕದ್ದು.

ಮಧ್ಯಾಹ್ನದ ಆಟ ಎಂದು ಅಮ್ಮ ಹಿಂದಿನ ದಿನವೇ ಪ್ರಕಟಿಸಿದ್ದಳು. ಟೈಲರ್ ಅಕ್ಕನಿಗೂ ಆಹ್ವಾನ. ನಾನು ನಾಲ್ಕು ಕುರ್ಚಿ ಸಾಲಾಗಿ ಇಟ್ಟೆ: ಅಮ್ಮ, ಟೈಲರ್ ಅಕ್ಕ, ನಾನು, ಮತ್ತೊಂದು. ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಹೆಸರಿಗೆ ಕಳಂಕ. ಟಾಕೀಸು ಮುಚ್ಚಿದ ದಿನ ಅಪ್ಪ ಅಲ್ಲಿಂದ ತಂದ ಒಂದೇ ಒಂದು ವಸ್ತು ಬೀರುವಿನ ಹಿಂದೆ ಗೋಣಿಯಲ್ಲಿ ಸುತ್ತಿಟ್ಟಿದ್ದರಲ್ಲ, ಆ 'ಹೌಸ್‌ಫುಲ್' ಬೋರ್ಡು, ಅದನ್ನು ಒರೆಸಿ ತಂದು ಗೇಟಿಗೆ ತೂಗುಹಾಕಿದೆ.

ಅಪ್ಪ ಕಿಟಕಿಯಿಂದ ನೋಡಿದರು. ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಗೆ ಹೋಗಿ ಬೋರ್ಡು ಬಿಚ್ಚಿ ತಂದರು. ಬೈಗುಳಕ್ಕೆ ನಾನು ತಲೆ ತಗ್ಗಿಸಿ ಸಿದ್ಧಳಾಗಿದ್ದೆ. ಬೈಯಲಿಲ್ಲ. ತಮ್ಮ ಕಾಲದಲ್ಲಿ ಒಂದು ಸೀಟು ಖಾಲಿ ಇದ್ದರೂ ಇದನ್ನು ಹಾಕಲು ಬಿಟ್ಟವರಲ್ಲ, ಮಾಲೀಕರು ಹೇಳಿದರೂ ಕೇಳಿದವರಲ್ಲ, ಈ ಬೋರ್ಡು ಒಂದು ದಿನವೂ ಸುಳ್ಳು ಹೇಳಿಲ್ಲ ಎಂದು ಮೆತ್ತಗೆ ಹೇಳಿದರು. ಆಮೇಲೆ ಆ ನಾಲ್ಕನೆಯ ಕುರ್ಚಿಯ ಕಡೆ ಬೆರಳು ತೋರಿಸಿದರು.

"ಹಾಗಾದ್ರೆ ನೀವು ಕೂತ್ಕೊಳ್ಳಿ, ಬೋರ್ಡು ನಿಜ ಆಗುತ್ತೆ," ಅಂದೆ.

ಅಪ್ಪ ಬೋರ್ಡನ್ನು ಎದೆಗೆ ಆನಿಸಿಕೊಂಡು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಸಿನಿಮಾದ ಮೀಸೆಯವನ ಹಾಗೇ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ ಎಂಬುದು ದಾಖಲಾಗಲಿ.

ಡಿಸ್ಕು ಒಳಗೆ ಹೋಯಿತು. ಅಮ್ಮ ಹತ್ತಿ ಇಟ್ಟುಕೊಂಡಿರಲಿಲ್ಲ. ಇದೊಂದರ ಮಾತು ಕೇಳಬೇಕು ಅಂದಿದ್ದಳು. ಕನ್ನಡಿಗಳು ಬಂದವು. ಮೊದಲರ್ಧವೆಲ್ಲ ಅಮ್ಮ ಬೇರೆಯವರ ಮನೆಗೆ ಹೋದವಳ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಹೊಲಿಗೆ ಹಾಕುತ್ತಿದ್ದ ಹೆಂಗಸು ಎದ್ದಳು, ಸೂಟ್‌ಕೇಸು ತೆಗೆದುಕೊಂಡಳು, ಚಿಲಕಕ್ಕೆ ಕೈ ಹಾಕಿದಳು. ಅಮ್ಮನ ಕೈ ಟೈಲರ್ ಅಕ್ಕನ ಮಣಿಕಟ್ಟಿನ ಮೇಲಿತ್ತು.

ಸರಿಯಾಗಿ ಆಗ ಬಾಗಿಲ ಹತ್ತಿರದಿಂದ ಅಪ್ಪನ ದನಿ:

"ವಾಪಸ್ ಬರ್ತಾಳೆ. ಗಂಡ ಬಾಗಿಲು ತೆಗೀತಾನೆ, ನಿಂತಿರ್ತಾಳೆ. ಅಷ್ಟೇ. ಎಲ್ಲರೂ ವಾಪಸ್ ಬರೋರೇ."

ಟೈಲರ್ ಅಕ್ಕ ಬಾಗಿಲ ಕಡೆ ನೋಡಿದ ನೋಟಕ್ಕೆ ಕತ್ತರಿಯ ಹರಿತವಿತ್ತು. ಅಮ್ಮ ರಿಮೋಟು ಎತ್ತಿಕೊಂಡು ಸಿನಿಮಾ ನಿಲ್ಲಿಸಿದಳು. ಎದ್ದು ಹೋಗುತ್ತಾಳೆ ಅಂದುಕೊಂಡೆ. ಅವಳು ತಿರುಗಿ ಕೂಡ ನೋಡಲಿಲ್ಲ.

"ಹೇಳಬೇಡಿ ಅಂದಿದ್ದನ್ನ ಹೇಳಿದ್ರಿ. ಈಗ ನೋಡ್ತೀನಿ. ನೀವು ಹೇಳಿದ್ದು ಬೇರೆ, ನಾನು ನೋಡೋದು ಬೇರೆ."

ಗುಂಡಿ ಒತ್ತಿದಳು. ಹೆಂಗಸು ಹೊರಟುಹೋದಳು. ಮನೆಯಲ್ಲಿ ಕನ್ನಡಿಗಳು ಧೂಳು ಹಿಡಿದವು. ಮೀಸೆಯವನು ಒಬ್ಬನೇ ಒಂದು ತಟ್ಟೆಯನ್ನು ತೊಳೆದು, ಒರೆಸಿ, ಪುನಃ ತೊಳೆದ. ಒಂದು ಬೆಳಗ್ಗೆ ಬಾಗಿಲು ತಟ್ಟಿದ ಸದ್ದು. ತೆರೆದ. ಅವಳೇ ನಿಂತಿದ್ದಳು. ಅದೇ ಸೂಟ್‌ಕೇಸು. ಅಪ್ಪ ಗಂಟಲು ಸರಿಮಾಡಿಕೊಂಡು, ಮುಗೀತು ಏಳಿ, ಎನ್ನುತ್ತಾ ಲೈಟು ಹಾಕಲು ಗೋಡೆಗೆ ಕೈ ಚಾಚಿದರು. ಎಷ್ಟೋ ವರ್ಷ ಪ್ರತಿ ಆಟದ ಕೊನೆಗೂ ಟಾಕೀಸಿನ ದೀಪ ಹಾಕಿದ ಕೈ.

ಮುಗಿಯಲಿಲ್ಲ.

ಹೆಂಗಸು ಒಳಗೆ ಬಂದಳು. ಗಂಡ ಏನೋ ಹೇಳಲು ಹೋದ, ಅವಳು ಕೇಳಿಸಿಕೊಳ್ಳಲಿಲ್ಲ. ನೇರ ಮೂಲೆಗೆ ಹೋಗಿ ಹೊಲಿಗೆ ಮಷಿನ್ನಿನ ಮೇಲಿನ ಬಟ್ಟೆ ತೆಗೆದು, ಚಕ್ರವನ್ನು ಒಮ್ಮೆ ತಿರುಗಿಸಿ ನೋಡಿದಳು. ಹೊರಗೆ ಗಾಡಿಯವನು ಕಾಯುತ್ತಿದ್ದ. ಇಬ್ಬರೂ ಸೇರಿ ಮಷಿನ್ನು ಎತ್ತಿದರು. ಬಾಗಿಲಲ್ಲಿ ಅಡ್ಡ ನಿಂತಿದ್ದ ಗಂಡನಿಗೆ ಅವಳು, ಸ್ವಲ್ಪ ಜರುಗಿ, ಅಂದಳು. ಅವನು ಜರುಗಿದ. ಆಮೇಲೂ ಸಿನಿಮಾ ಇತ್ತು. ಸಣ್ಣ ಅಂಗಡಿ, ಅದರೊಳಗೆ ಆ ಮಷಿನ್ನು, ಅದರ ಸದ್ದು, ಅವಳ ಪಾದ.

ಟೈಲರ್ ಅಕ್ಕ ಮೊದಲು ಚಪ್ಪಾಳೆ ಹೊಡೆದಳು. ಅಮ್ಮ ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು,

"ಮಷಿನ್ ತಗೊಂಡು ಹೋಗೋಕೆ ಬಂದಿದ್ಲು ಕಣೇ. ಮಷಿನ್ನಿಗೆ," ಅಂದಳು.

ನಾನು ಅಪ್ಪನ ಕಡೆ ನೋಡಿದೆ. ಗೋಡೆಯ ಮೇಲಿನ ಕೈ ಹಾಗೇ ಇತ್ತು. ಆಮೇಲೆ ಕೈ ಇಳಿಸಿ, ಬೋರ್ಡನ್ನು ಗೋಡೆಗೆ ಒರಗಿಸಿ, ಬಂದು ನಾಲ್ಕನೆಯ ಕುರ್ಚಿಯಲ್ಲಿ ಕೂತರು.

"ಈ ಪ್ರಿಂಟು ನನಗೆ ಬಂದಿರಲಿಲ್ಲ," ಅಂದರು. ಆ ದನಿಯನ್ನು ನಾನು ಮೊದಲು ಕೇಳಿದ್ದಿಲ್ಲ. "ಇನ್ನೊಂದ್ಸಲ ಹಾಕು. ಬಾಗಿಲು ತೆಗೆಯೋ ಜಾಗದಿಂದ."

"ಅಲ್ಲಿಂದ ಆಗಲ್ಲ," ಅಂದಳು ಅಮ್ಮ. "ಮೊದಲಿಂದ ಹಾಕ್ತೀನಿ. ಕೂತ್ಕೊಂಡು ಪೂರ್ತಿ ನೋಡಿ."

ಅಮ್ಮ ಮೊದಲಿಂದ ಹಾಕಿದಳು. ನಾನು ಸದ್ದಾಗದ ಹಾಗೆ ಬೋರ್ಡು ತೆಗೆದುಕೊಂಡು ಗೇಟಿನ ಕಡೆ ಹೋದೆ.

ಇಂತಿ,
ಕರ್ತವ್ಯನಿರತೆ,
ತರಲೆ


ಆಗಸ್ಟ್ ೧೦

ಡಿವಿಡಿ ಅಂಗಡಿಯ ಮಾಲೀಕರಿಗೆ,

ಸದರಿ ಸಿನಿಮಾವನ್ನು ನಾನು ನಮ್ಮ ಟಾಕೀಸಿನಲ್ಲಿ ನಾಲ್ಕು ವಾರ ಓಡಿಸಿದ್ದೇನೆ. ನಮಗೆ ಬಂದ ಪ್ರಿಂಟು ಬೇರೆ ಊರಿನ ಟಾಕೀಸಿನಲ್ಲಿ ಓಡಿ ಬಂದದ್ದು. ಅಲ್ಲಿಯವರಿಗೆ ಈಗ ಫೋನು ಮಾಡಿ ವಿಚಾರಿಸಿದೆ. ಅವರ ಊರಿನ ಕೊನೆಯ ಬಸ್ಸು ಬೇಗ. ಜನ ಬಸ್ಸಿಗೆ ಅರ್ಧದಲ್ಲೇ ಎದ್ದು ಹೋಗುತ್ತಾರೆಂದು ಅಲ್ಲಿಯ ಆಪರೇಟರ್ ಕೊನೆಯ ರೀಲನ್ನು ಕತ್ತರಿಸಿ, 'ಮುಕ್ತಾಯ' ಅಂಟಿಸಿ ಕಳಿಸಿದ್ದಾನೆ. ರೀಲು ಸುತ್ತುವಾಗ ಆ ಅಂಟು ನನ್ನ ಬೆರಳಿಗೆ ತಾಗಿತ್ತು. ಹರಿದದ್ದನ್ನು ಅಂಟಿಸಿರಬೇಕು ಅಂದುಕೊಂಡೆ. ಆಗಲೇ ವಿಚಾರಿಸಬೇಕಿತ್ತು.

ಇಂಥವು ಇನ್ನೆಷ್ಟು ಇವೆಯೋ ಪರಿಶೀಲನೆಯಾಗಬೇಕು. ಜನರಿಗೆ ನಾನು ಏನು ತೋರಿಸಿದ್ದೇನೆ ಎಂದು ನನಗೆ ಗೊತ್ತಾಗಬೇಕು. ಬೆರಳಿಗೆ ಅಂಟು ತಾಗಿದ ನೆನಪಿರುವ ಸಿನಿಮಾಗಳ ಹೆಸರನ್ನು ನಿಮ್ಮ ತಂಗಿಯ ಕೈಯಲ್ಲಿ ಬರೆಸಿ ಲಗತ್ತಿಸಿದ್ದೇನೆ. ಅವುಗಳನ್ನು ಅಂಚೆಯಲ್ಲಿ ಕಳಿಸತಕ್ಕದ್ದು. ಖುದ್ದಾಗಿ ಬರುವ ಅಗತ್ಯವಿಲ್ಲ.

ಚಿತ್ರದ ಎರಡು ಅಂಚುಗಳು ಟಿವಿಯಲ್ಲಿ ಕತ್ತರಿಸಿಹೋಗುತ್ತಿವೆ. ಅದನ್ನು ಸರಿಮಾಡುವುದು ಹೇಗೆಂದು ತಿಳಿಸಿ.

ಆಪರೇಟರ್
(ನಿವೃತ್ತನಲ್ಲ. ಟಾಕೀಸು ಮುಚ್ಚಿದೆ, ಅಷ್ಟೇ)


ಅದೇ ದಿನ, ಅದೇ ಲಕೋಟೆಯಲ್ಲಿ

ಮಗನೇ,

ನಿಮ್ಮಪ್ಪ ಬರೆದದ್ದನ್ನು ಓದಿದೆ. ಲಕೋಟೆ ಅಂಟಿಸಲು ನನ್ನ ಕೈಗೆ ಕೊಟ್ಟರು, ಅದಕ್ಕೇ ಓದಿದೆ. ಅಂಚುಗಳ ವಿಷಯಕ್ಕೆ ಉತ್ತರ ಬರೆಯಬೇಡ. ಪತ್ರದಲ್ಲಿ ಬರೆದು ತಿಳಿಸುವ ವಿಷಯ ಅಲ್ಲ ಅದು, ಯಾರಾದರೂ ಬಂದು ಟಿವಿ ಮುಂದೆ ಕೂತು ಸರಿಮಾಡಬೇಕು.

ಅಂಚೆಯಲ್ಲಿ ಡಿಸ್ಕು ಕಳಿಸಿದರೆ ಬಿಚ್ಚುವುದೇ ಇಲ್ಲ, ಅದೇ ಗಂಟಿನ ಸಮೇತ ವಾಪಸ್ ಕಳಿಸುತ್ತೇನೆ. ಈ ಮಾತನ್ನು ಅವರಿಗೂ ಹೇಳಿದೆ. ಆವಾಗ ಅವರು, ಹೊಸ್ತಿಲು ತುಳಿಯಬೇಡ ಅಂದಿದ್ದೀನಲ್ಲ ಅಂದರು. ಹೊಸ್ತಿಲು ದಿನಾ ಒರೆಸುವವಳು ನಾನು, ಅದನ್ನು ಯಾರು ತುಳಿಯಬೇಕು ಅಂತ ನಾನೇ ಹೇಳುತ್ತೇನೆ ಅಂದೆ. ಅವರು ಏನೂ ಅನ್ನಲಿಲ್ಲ. ಏನೂ ಅನ್ನದೇ ಇರುವುದು ಅವರಿಗೆ ಎಷ್ಟು ಕಷ್ಟ ಅಂತ ನಿನಗೆ ಗೊತ್ತು.

ಭಾನುವಾರ ಬಾ. ಹಿತ್ತಲಿಂದ ನುಸುಳಿಕೊಂಡು ಬರಬೇಡ, ಅಂಗಡಿ ಇಟ್ಟವನು ನೀನು, ಕಳ್ಳತನ ಮಾಡಿದವನಲ್ಲ. ಪೆಟ್ಟಿಗೆ ಹೊತ್ತುಕೊಂಡು ಮುಂದಿನ ಬಾಗಿಲಲ್ಲೇ ಬಾ. ನಿನ್ನ ತಂಗಿಗೆ ಹೇಳಿ ಐದನೆಯ ಕುರ್ಚಿ ಹಾಕಿಸಿದ್ದೇನೆ.

ಬೇಗ ಬಂದರೆ ಒಳ್ಳೆಯದು. ಆಟ ಶುರುವಾದ ಮೇಲೆ ನಾನು ಯಾರಿಗೂ ಎದ್ದು ಬಾಗಿಲು ತೆಗೆಯುವುದಿಲ್ಲ, ನಿನಗೂ ಇಲ್ಲ, ನಿಮ್ಮಪ್ಪನಿಗೂ ಇಲ್ಲ. ಬಾಗಿಲು ತೆರೆದೇ ಇರುತ್ತದೆ. ಬಂದು ಸುಮ್ಮನೆ ಕೂತುಕೋ.

ಅಮ್ಮ